ಬೆಳಕಿನ ಹಸಿ ದಾಖಲೆ

ಕೆಲವು ವರ್ಷಗಳ ಕೆಳಗೆ, ಮಲೆನಾಡಿನ ಒಂದು ಹಳ್ಳಿಯಲ್ಲಿದ್ದ ನಮ್ಮ ಹಿರಿಯರ ತೊಟ್ಟಿಮನೆಯನ್ನು ಕೆಡವಬೇಕಾಗಿ ಬಂದಿತು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಹಿಂದಿನ ಗೋಡೆ ಇನ್ನೊಂದು ಮಳೆಗಾಲವನ್ನು ತಾಳುವಂತಿರಲಿಲ್ಲ. ಕೆಡವುವುದಕ್ಕೆ ಎರಡು ದಿನ ಮುಂಚೆ ನಾವು ಕ್ಯಾಮರಾ ತೆಗೆದುಕೊಂಡು ಹೋಗಿ ಮನೆಯ ಮೂಲೆಮೂಲೆಗಳ ಚಿತ್ರ ತೆಗೆದೆವು. ಅವುಗಳಲ್ಲಿ ನಮಗೆ ಬಹು ಮುಖ್ಯವೆನಿಸಿದುದು ಒಂದು. ಮದುವೆಯಾಗಿ ಬಂದಂದಿನಿಂದ ಅರವತ್ತು ವರ್ಷ ಅದೇ ಮನೆಯಲ್ಲಿ ಬಾಳಿದ ನಮ್ಮ ದೊಡ್ಡಮ್ಮ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಾರೆ. ಅವರ ಹಿಂದೆ, ತೆರೆದ ತೊಟ್ಟಿಯಲ್ಲಿ, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಅವರು ದಿನವೂ ನೀರೆರೆಯುತ್ತಿದ್ದ ತುಳಸಿಕಟ್ಟೆ.

ಮನೆ ಹೋಯಿತು. ತಿಂಗಳೊಂದು ಕಳೆದ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಅವರ ಕೈಗೆ ಕೊಟ್ಟೆವು. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. “ಎಲ್ಲಾ ಚೆನ್ನಾಗಿ ಬಂದಿದೆ ಮಗೂ, ಕಟ್ಟೆ ಎಲ್ಲಿ ಹೋಯಿತು?” ಎಂದರು.

ಕಟ್ಟೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಬರಿಯ ಬಿಳಿ ಕಾಗದವಿತ್ತು. ನಾವು ದೊಡ್ಡಮ್ಮನ ಮುಖ ಚೆನ್ನಾಗಿ ಕಾಣಲೆಂದು ಕ್ಯಾಮರಾವನ್ನು ಹೊಂದಿಸಿದ್ದೆವು. ಹಿಂದಿನ ಬಿಸಿಲು ಎಲ್ಲವನ್ನೂ ನುಂಗಿಬಿಟ್ಟಿತ್ತು. ಕಂಪ್ಯೂಟರಿನಲ್ಲಿ ಆ ಭಾಗವನ್ನು ಎಷ್ಟೇ ಮಬ್ಬು ಮಾಡಿದರೂ ಬಿಳಿಯ ಬದಲು ಬೂದಿಬಣ್ಣದ ತೇಪೆ ಕಂಡಿತೇ ಹೊರತು, ಕಟ್ಟೆಯ ಒಂದು ಅಂಚೂ ಕಾಣಲಿಲ್ಲ.

ಅದೇ ದಿನ ಅದೇ ಜಾಗದಲ್ಲಿ ನಿಂತು ಇನ್ನೊಬ್ಬನೂ ಚಿತ್ರ ತೆಗೆದಿದ್ದನು. ದೊಡ್ಡಮ್ಮನ ಮೊಮ್ಮಗ ಆಗ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದ; ಗೆಳೆಯನ ಕ್ಯಾಮರಾ ಎರವಲು ತಂದಿದ್ದ. ಅವನ ಚಿತ್ರವನ್ನು ಅಂದು ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ನೋಡಿ ನಾವು ನಕ್ಕದ್ದುಂಟು. ತೊಟ್ಟಿಯೊಂದು ಮಂಕಾಗಿ ಕಾಣುತ್ತಿತ್ತು. ಪಡಸಾಲೆ ಕಾಡಿಗೆ ಬಳಿದಂತಿತ್ತು. ದೊಡ್ಡಮ್ಮ ಇದ್ದಾರೆಂಬುದನ್ನು ಸೀರೆಯ ಅಂಚಿನಿಂದ ಊಹಿಸಬೇಕಾಗಿತ್ತು. “ಇರಲಿ ಚಿಕ್ಕಪ್ಪ, ರಾದಲ್ಲಿ ತೆಗೆದಿದ್ದೇನೆ” ಎಂದಷ್ಟೇ ಅವನು ಹೇಳಿದ. ಕೊನೆಗೆ ದೊಡ್ಡಮ್ಮನಿಗೆ ಕಟ್ಟೆಯನ್ನು ಮರಳಿ ಕೊಟ್ಟದ್ದು ಆ ಕಪ್ಪು ಚಿತ್ರವೇ. ಅದು ಹೇಗೆ ಸಾಧ್ಯವಾಯಿತೆಂಬುದು ಈ ಲೇಖನದ ವಿಷಯ. ವಾಚಕರಲ್ಲಿ ಯಾರಾದರೂ ಕ್ಯಾಮರಾ ಹಿಡಿಯಲು ಈಗತಾನೆ ಕಲಿಯುತ್ತಿದ್ದರೆ, ನಮ್ಮ ತಪ್ಪು ಅವರಿಗೆ ಅಗ್ಗವಾಗಿ ದೊರೆತ ಪಾಠವಾಗಬಹುದು.

ಸೂರಿನ ಕೆಳಗಿನ ಬಟ್ಟಲುಗಳು

‘ರಾ’ ಎಂದರೆ ಹಸಿಯಾದದ್ದು, ಪಾಕವಾಗದಿರುವುದು. ಯಾವುದರ ಹಸಿ ರೂಪ ಇದು? ಇದನ್ನು ತಿಳಿಯಬೇಕಾದರೆ ಕ್ಯಾಮರಾದ ಒಳಗಿನ ಸಂವೇದಕವನ್ನು ಕುರಿತು ಸ್ವಲ್ಪ ಹೇಳಬೇಕು.

ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಇಂದು ಸಿಲಿಕಾನಿನ ಒಂದು ಬಿಲ್ಲೆ ಇರುತ್ತದೆ. ಅದರ ಮೈಮೇಲೆ ಸಾಲುಸಾಲಾಗಿ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳು. ಬೆಳಕಿನ ಕಣವಾದ ಫೋಟಾನ್ ಬಂದು ಸಿಲಿಕಾನಿಗೆ ತಾಗಿದಾಗ ಒಂದು ಎಲೆಕ್ಟ್ರಾನ್ ಸಡಿಲಗೊಳ್ಳುತ್ತದೆ. ಷಟರ್ ತೆರೆದಿರುವಷ್ಟು ಹೊತ್ತು ಪ್ರತಿಯೊಂದು ಕೋಶವೂ ಹೀಗೆ ಸಡಿಲಗೊಂಡ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತದೆ. ಷಟರ್ ಮುಚ್ಚಿದ ಮೇಲೆ ಒಂದೊಂದು ಕೋಶದಲ್ಲೂ ಎಷ್ಟು ಸಂಗ್ರಹವಾಗಿದೆಯೆಂದು ಅಳೆದು ಸಂಖ್ಯೆಯಾಗಿ ಬರೆದುಕೊಳ್ಳಲಾಗುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬುವರು ಇಂತಹ ವಿದ್ಯುದಂಶವನ್ನು ಕೋಶದಿಂದ ಕೋಶಕ್ಕೆ ದಾಟಿಸಿ ಓದುವ ಉಪಾಯವನ್ನು ಕಂಡುಹಿಡಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. 1975ರಲ್ಲಿ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರಚಿಸಿದ ಡಿಜಿಟಲ್ ಕ್ಯಾಮರಾದಲ್ಲಿ ಇದ್ದುದು ಕೇವಲ ಹತ್ತು ಸಾವಿರ ಬಿಂದುಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆದುಕೊಳ್ಳಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು.

ಆ ತೊಟ್ಟಿಮನೆಯಲ್ಲಿ ಮಳೆಗಾಲದಲ್ಲಿ ಸೂರಿನ ಸುತ್ತಲೂ ಪಾತ್ರೆಗಳನ್ನು ಇಡುತ್ತಿದ್ದುದು ನಮಗೆ ನೆನಪಿದೆ. ಸಂವೇದಕವನ್ನು ಅಂತಹ ಬಟ್ಟಲುಗಳ ಸಾಲೆಂದು ಭಾವಿಸಿಕೊಳ್ಳಿ. ಬೆಳಕು ಮಳೆ. ಹೆಚ್ಚು ಮಳೆ ಬಿದ್ದ ಕಡೆ ಬಟ್ಟಲು ಹೆಚ್ಚು ತುಂಬುತ್ತದೆ. ಕಡಿಮೆ ಬಿದ್ದ ಕಡೆ ತಳ ಮಾತ್ರ ಒದ್ದೆಯಾಗುತ್ತದೆ. ಆದರೆ ಬಟ್ಟಲು ಕಂಠದವರೆಗೆ ತುಂಬಿದ ಮೇಲೆ ಇನ್ನೆಷ್ಟು ಮಳೆ ಬಿದ್ದರೂ ಅದು ಹೊರಚೆಲ್ಲುವುದೇ ಸರಿ. ತುಂಬಿ ತುಳುಕುವ ಎರಡು ಬಟ್ಟಲುಗಳನ್ನು ನೋಡಿ, ಯಾವುದರ ಮೇಲೆ ಹೆಚ್ಚು ಮಳೆ ಸುರಿಯಿತೆಂದು ಯಾರೂ ಹೇಳಲಾರರು. ನಮ್ಮ ಚಿತ್ರದಲ್ಲಿ ತುಳಸಿಕಟ್ಟೆಗೆ ಆದ ಗತಿ ಇದು. ಕಟ್ಟೆಯ ಸುಣ್ಣ, ತುಳಸಿಯ ಎಲೆ, ಹಿಂದಿನ ಗೋಡೆ ಮೂರರ ಬಟ್ಟಲುಗಳೂ ತುಂಬಿಹೋಗಿದ್ದವು. ಮೂರೂ ಒಂದೇ ಸಂಖ್ಯೆಯಾದವು. ವ್ಯತ್ಯಾಸವೇ ಇಲ್ಲದೆಡೆ ರೂಪವೆಲ್ಲಿಂದ ಬರಬೇಕು?

ಇನ್ನೊಂದು ಸಂಗತಿ ವಾಚಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಸಂವೇದಕದ ಕೋಶಕ್ಕೆ ಬಣ್ಣದ ಅರಿವಿಲ್ಲ. ಬೆಳಕು ಎಷ್ಟು ಬಿದ್ದಿತೆಂಬುದು ಮಾತ್ರ ಅದಕ್ಕೆ ಗೊತ್ತು. ಬಣ್ಣ ಬರಬೇಕಾದರೆ ಪ್ರತಿಯೊಂದು ಕೋಶದ ಮೇಲೂ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದು ಪುಟ್ಟ ಸೋಸುಗಾಜನ್ನು ಹೊದಿಸಬೇಕು. ಕೊಡಾಕ್ ಸಂಸ್ಥೆಯಲ್ಲಿಯೇ ಇದ್ದ ಬ್ರೈಸ್ ಬೇಯರ್ ಎಂಬಾತ ಇದಕ್ಕಾಗಿ ರೂಪಿಸಿದ ಚೌಕುಳಿ ಜೋಡಣೆಗೆ 1976ರಲ್ಲಿ ಪೇಟೆಂಟ್ ದೊರೆಯಿತು. ಬಹುಪಾಲು ಕ್ಯಾಮರಾಗಳು ಇಂದಿಗೂ ಅದನ್ನೇ ಅನುಸರಿಸುತ್ತವೆ. ಅದರಲ್ಲಿ ಅರ್ಧದಷ್ಟು ಕೋಶಗಳು ಹಸಿರಿಗೆ ಮೀಸಲು. ಕೆಂಪಿಗೆ ಕಾಲು, ನೀಲಿಗೆ ಕಾಲು. ನಮ್ಮ ಕಣ್ಣು ಹಸಿರಿನ ಸುತ್ತಮುತ್ತಲ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದೇ ಈ ಪಕ್ಷಪಾತಕ್ಕೆ ಕಾರಣ. ಹೀಗಾಗಿ ಯಾವೊಂದು ಬಿಂದುವಿನಲ್ಲೂ ಮೂರು ಬಣ್ಣಗಳ ಪೈಕಿ ಒಂದನ್ನು ಮಾತ್ರ ಅಳೆದಿರುತ್ತದೆ. ಉಳಿದೆರಡನ್ನು ನೆರೆಹೊರೆಯ ಕೋಶಗಳನ್ನು ಕೇಳಿ ಲೆಕ್ಕದಿಂದ ತುಂಬಿಸಬೇಕು. ಅತ್ಯಂತ ನಿಜವಾದ ಫೋಟೋ ಎಂದು ನಾವು ನಂಬುವುದರಲ್ಲೂ ಬಣ್ಣದ ಮೂರರಲ್ಲಿ ಎರಡು ಪಾಲು ಊಹೆ!

ರಾ ಕಡತವೆಂಬುದು ಈ ಊಹೆಗಿಂತ ಮೊದಲಿನ ಸ್ಥಿತಿ. ಅದರಲ್ಲಿರುವುದು ಕೋಶಕ್ಕೊಂದರಂತೆ ಬರೆದಿಟ್ಟ ಅಳತೆಗಳು, ಅಷ್ಟೆ. ಅದನ್ನು ಚಿತ್ರವೆಂದು ಕರೆಯುವುದು, ಜಮೀನಿನ ಅಳತೆಯ ಪುಸ್ತಕವನ್ನು ಜಮೀನೆಂದು ಕರೆದಂತೆ. 2 ಕೋಟಿ 40 ಲಕ್ಷ ಕೋಶಗಳ ಕ್ಯಾಮರಾದಲ್ಲಿ ಪ್ರತಿ ಅಳತೆಗೂ 14 ಬಿಟ್‌ಗಳನ್ನು ಕೊಟ್ಟರೆ, ಅಡಕ ಮಾಡದೆ ಇಟ್ಟಾಗ, ಒಂದು ಕಡತವು ಸುಮಾರು 42 ಮೆಗಾಬೈಟ್ ಆಗುತ್ತದೆ. ನಿಕಾನ್ ಇದಕ್ಕೆ ಎನ್.ಇ.ಎಫ್. ಎಂದೂ, ಸೋನಿ ಎ.ಆರ್.ಡಬ್ಲ್ಯು. ಎಂದೂ ಹೆಸರಿಟ್ಟಿವೆ, ಎಲ್ಲರಿಗೂ ಸಮಾನವಾಗಿರಲೆಂದು ಅಡೋಬಿ ಸಂಸ್ಥೆಯು 2004ರಲ್ಲಿ ಡಿ.ಎನ್.ಜಿ. ಎಂಬ ರೂಪವನ್ನು ಪ್ರಕಟಿಸಿತು. ಹೆಸರುಗಳ ಈ ಗೊಂದಲಕ್ಕೆ ಹೊಸಬರು ಹೆದರಬೇಕಾಗಿಲ್ಲ.

ಸುಟ್ಟ ಮಡಕೆ

ಸಾಮಾನ್ಯವಾಗಿ ಕ್ಯಾಮರಾ ನಮಗೆ ಕೊಡುವುದು ರಾ ಅಲ್ಲ, ಜೆಪೆಗ್. ಗುಂಡಿ ಒತ್ತಿದ ಮರುಕ್ಷಣದಲ್ಲಿ ಅದರೊಳಗಿನ ಗಣಕವು ಕಾಣೆಯಾದ ಬಣ್ಣಗಳನ್ನು ಊಹಿಸುತ್ತದೆ. ಬಿಳಿ ಯಾವುದೆಂದು ನಿರ್ಧರಿಸುತ್ತದೆ. ನೆರಳನ್ನು ಗಾಢಗೊಳಿಸಿ, ಬಣ್ಣಗಳಿಗೆ ಮೆರಗು ಕೊಟ್ಟು, ಅಂಚುಗಳನ್ನು ಹರಿತ ಮಾಡುತ್ತದೆ. ಆಮೇಲೆ ಪ್ರತಿ ಬಣ್ಣಕ್ಕೂ 16,384 ಮೆಟ್ಟಿಲುಗಳಿದ್ದ ಅಳತೆಯನ್ನು 256 ಮೆಟ್ಟಿಲುಗಳಿಗೆ ಇಳಿಸುತ್ತದೆ. ಕಡೆಗೆ ಚಿತ್ರವನ್ನು ಎಂಟಕ್ಕೆಂಟರ ಚೌಕಗಳಾಗಿ ಒಡೆದು, ಒಂದೊಂದು ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ತಿಳಿಯದ ಸಣ್ಣ ಏರಿಳಿತಗಳನ್ನು ಕಳಚಿಹಾಕುತ್ತದೆ. ಕೆಲಸ ಮುಗಿದೊಡನೆ ಮೂಲ ಅಳತೆಗಳನ್ನು ಅಳಿಸಿಬಿಡುತ್ತದೆ.

ಈ ಕೊನೆಯ ಹಂತದ ಗಣಿತದಲ್ಲಿ ಕನ್ನಡನಾಡಿನ ಪಾಲೂ ಇದೆಯೆಂಬುದನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸಿಲ್ಲ. ಚೌಕದೊಳಗಿನ ಬೆಳಕಿನ ಏರಿಳಿತವನ್ನು ನಿಧಾನ ಅಲೆ ಮತ್ತು ಶೀಘ್ರ ಅಲೆಗಳಾಗಿ ಬೇರ್ಪಡಿಸುವ ‘ಡಿಸ್ಕ್ರೀಟ್ ಕೊಸೈನ್’ ಪರಿವರ್ತನೆಯನ್ನು ರೂಪಿಸಿದವರು ನಾಸಿರ್ ಅಹಮದ್. ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋದವರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ, ಈ ವಿಚಾರದ ಸಂಶೋಧನೆಗೆಂದು ಧನಸಹಾಯ ಕೋರಿ ಅವರು ಸಲ್ಲಿಸಿದ್ದ ಅರ್ಜಿ ತಿರಸ್ಕೃತವಾಗಿತ್ತು. 1992ರಲ್ಲಿ ಜೆಪೆಗ್ ಮಾನಕವು ಇದೇ ಪರಿವರ್ತನೆಯನ್ನು ತನ್ನ ಬುನಾದಿಯಾಗಿ ಮಾಡಿಕೊಂಡಿತು. ನಿಮ್ಮ ಫೋನಿಗೆ ಬರುವ ಮದುವೆ, ನಾಮಕರಣಗಳ ಅಸಂಖ್ಯ ಚಿತ್ರಗಳು ಇಷ್ಟು ಬೇಗ ಬರುತ್ತಿರುವುದಕ್ಕೆ ಆ ತಿರಸ್ಕೃತ ಅರ್ಜಿಯ ವಿಚಾರವೇ ದೊಡ್ಡ ಕಾರಣ.

ಆದಕಾರಣ ಜೆಪೆಗ್ಗನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕುಂಬಾರನು ತಿಗುರಿಯ ಮೇಲಿಟ್ಟ ಹಸಿ ಮಣ್ಣನ್ನು ಹೇಗೆ ಬೇಕಾದರೂ ತಿದ್ದಬಹುದು. ಆವಿಗೆಯಲ್ಲಿ ಸುಟ್ಟ ಮೇಲೆ ಮಡಕೆ ಮಡಕೆಯೇ. ಆದರೆ ನೀರು ತುಂಬಲು ಬೇಕಾದುದು ಸುಟ್ಟ ಮಡಕೆ. ಹಸಿ ಮಣ್ಣನ್ನು ಬಾವಿಕಟ್ಟೆಗೆ ಒಯ್ದು ಪ್ರಯೋಜನವಿಲ್ಲ. ಯಾರಿಗಾದರೂ ಕಳುಹಿಸುವ ಮುನ್ನ ರಾ ಕಡತವನ್ನೂ ಒಮ್ಮೆ ಸುಡಲೇಬೇಕು. ಸುಡುವ ಮುಂಚೆ ಅದನ್ನು ತಿದ್ದುವವರು ಯಾರು, ಕ್ಯಾಮರಾ ತಯಾರಿಸಿದವರೋ, ತೊಟ್ಟಿಯಲ್ಲಿ ನಿಂತು ಕಣ್ಣಾರೆ ಕಂಡವರೋ ಎಂಬುದೊಂದೇ ವ್ಯತ್ಯಾಸ.

ಕಪ್ಪು ಚಿತ್ರದೊಳಗೆ ಏನಿತ್ತು

ಈಗ ಎರಡು ಚಿತ್ರಗಳನ್ನು ಹೋಲಿಸೋಣ. ಲೆನ್ಸಿನ ರಂಧ್ರ ಎರಡರಲ್ಲೂ ಎಫ್/5.6, ಐ.ಎಸ್.ಒ. 100. ನಮ್ಮ ಷಟರ್ ಸೆಕೆಂಡಿನ 60ನೆಯ ಒಂದು ಪಾಲು ತೆರೆದಿತ್ತು. ಹುಡುಗನದು 1000ನೆಯ ಒಂದು ಪಾಲು. ಅಂದರೆ ಅವನ ಸಂವೇದಕಕ್ಕೆ ಬಿದ್ದ ಬೆಳಕು ನಮ್ಮದರ ಸುಮಾರು ಹದಿನಾರರಲ್ಲಿ ಒಂದು ಭಾಗ. ಬೆಳಕು ಎರಡು ಪಟ್ಟಾದರೆ ಅಥವಾ ಅರ್ಧವಾದರೆ ಛಾಯಾಗ್ರಾಹಕರು ಅದನ್ನು ಒಂದು ‘ಸ್ಟಾಪ್’ ಎನ್ನುತ್ತಾರೆ. ಹದಿನಾರು ಎಂದರೆ ಎರಡನ್ನು ನಾಲ್ಕು ಸಲ ಗುಣಿಸಿದ ಫಲ; ಆದುದರಿಂದ ಅವನ ಚಿತ್ರ ನಮ್ಮದಕ್ಕಿಂತ ನಾಲ್ಕು ಸ್ಟಾಪ್ ಕಡಿಮೆ.

ಪರಿಣಾಮವಾಗಿ ತೊಟ್ಟಿಯ ಬಿಸಿಲು ಅವನ ಬಟ್ಟಲುಗಳನ್ನು ತುಂಬಿಸಲಿಲ್ಲ. ಕಟ್ಟೆ ಉಳಿಯಿತು. ದೊಡ್ಡಮ್ಮನ ಮುಖದ ಸ್ಥಿತಿಯೇನು? ಸರಿಯಾಗಿ ತೆಗೆದ ಚಿತ್ರದಲ್ಲಿ ಮುಖದ ನಡು ಛಾಯೆ ಬಟ್ಟಲಿನ ಎಂಟನೆಯ ಒಂದು ಭಾಗದಷ್ಟು ತುಂಬಿತ್ತೆಂದು ಹಿಡಿಯೋಣ. 16,384ರ ಅಳತೆಗೋಲಿನಲ್ಲಿ ಅದು 2,048. ಹುಡುಗನ ಚಿತ್ರದಲ್ಲಿ ಅದು 128ಕ್ಕೆ ಇಳಿಯಿತು. ಇಳಿದರೂ, ಸೊನ್ನೆಗೂ 128ಕ್ಕೂ ನಡುವೆ ಕೆನ್ನೆ, ಸುಕ್ಕು, ಕಣ್ಣಿನ ಕೆಳಗಿನ ನೆರಳು ಬೇರೆಬೇರೆಯಾಗಿ ನಿಲ್ಲಲು ಬೇಕಾದಷ್ಟು ಮೆಟ್ಟಿಲುಗಳಿವೆ. ಅದನ್ನೇ ಜೆಪೆಗ್ ಆಗಿ ಉಳಿಸಿದ್ದರೆ ಮುಖವೆಲ್ಲ ಸುಮಾರು ಇಪ್ಪತ್ತು ಇಪ್ಪತ್ತೈದು ಮೆಟ್ಟಿಲುಗಳೊಳಗೆ ಮುದುಡಿಕೊಳ್ಳುತ್ತಿತ್ತು. ಎತ್ತಿ ಹಿಡಿದಾಗ ತೇಪೆತೇಪೆಯಾಗಿ ಒಡೆಯುತ್ತಿತ್ತು.

ಹಾಗೆಂದು ಇದು ಪುಕ್ಕಟೆಯಾಗಿ ದೊರೆಯುವುದಲ್ಲ. ಮಳೆಹನಿಗಳು ಲೆಕ್ಕಹಾಕಿ ಬೀಳುವುದಿಲ್ಲ. ಪಕ್ಕಪಕ್ಕದ ಎರಡು ಬಟ್ಟಲುಗಳಲ್ಲಿ ಒಂದಕ್ಕೆ ನಾಲ್ಕು ಹನಿ ಹೆಚ್ಚು, ಇನ್ನೊಂದಕ್ಕೆ ನಾಲ್ಕು ಕಡಿಮೆ ಬೀಳುತ್ತವೆ. ಫೋಟಾನುಗಳ ಸ್ವಭಾವವೂ ಇದೇ. ಸರಾಸರಿ ಎಷ್ಟು ಫೋಟಾನುಗಳೋ ಅದರ ವರ್ಗಮೂಲದಷ್ಟು ಏರುಪೇರು ತಪ್ಪದು. ಒಂದು ಕೋಶದಲ್ಲಿ 6,400 ಎಣಿಕೆಯಾದರೆ ಏರುಪೇರು 80, ಎಂದರೆ ನೂರಕ್ಕೆ ಒಂದೂಕಾಲು; ಕಣ್ಣಿಗೆ ಕಾಣದು. ಬೆಳಕನ್ನು ಹದಿನಾರನೆಯ ಒಂದಕ್ಕೆ ಇಳಿಸಿದರೆ ಎಣಿಕೆ 400; ಏರುಪೇರು 20, ಎಂದರೆ ನೂರಕ್ಕೆ ಐದು. ಚಿತ್ರವನ್ನು ಬೆಳಗಿಸಿದಾಗ ಈ ಏರುಪೇರೂ ಜೊತೆಗೇ ಬೆಳಗಿ, ನೆರಳಿನ ಮೇಲೆ ಮರಳು ಚೆಲ್ಲಿದಂತೆ ತೋರುತ್ತದೆ. ಇದಕ್ಕೆ ನಾಯ್ಸ್ ಎಂದು ಹೆಸರು. ಒಳ್ಳೆಯ ಕ್ಯಾಮರಾ ಕೊಂಡರೆ ಇದು ಪೂರ್ತಿ ಹೋಗುವುದೆಂದು ಕೆಲವರು ತಿಳಿದಿರುತ್ತಾರೆ. ಯಂತ್ರದ ಕುಂದುಕೊರತೆಯಿಂದ ಬರುವ ನಾಯ್ಸ್ ಬೇರೆ ಉಂಟು, ಅದು ಹೋದೀತು. ನಾವು ಹೇಳಿದುದು ಬೆಳಕಿನ ಸ್ವಭಾವದಲ್ಲಿಯೇ ಇರುವುದು.

ಐ.ಎಸ್.ಒ. ಏರಿಸಿದರೆ ಕ್ಯಾಮರಾ ಹೆಚ್ಚು ಬೆಳಕು ಹಿಡಿಯುತ್ತದೆಂಬುದೂ ಇದೇ ಜಾತಿಯ ಭ್ರಮೆ. ಐ.ಎಸ್.ಒ. ಏರಿಸುವುದರಿಂದ ಬಟ್ಟಲಿಗೆ ಒಂದು ಹನಿಯೂ ಹೆಚ್ಚು ಬೀಳದು. ಬಿದ್ದದ್ದನ್ನು ದೊಡ್ಡದು ಮಾಡಿ ಓದುತ್ತದೆ, ಅಷ್ಟೆ. ಬೆಳಕನ್ನು ಹೆಚ್ಚಿಸತಕ್ಕವು ಮೂರೇ: ದೃಶ್ಯದ ಬೆಳಕು, ಲೆನ್ಸಿನ ರಂಧ್ರ, ಷಟರಿನ ಕಾಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆ ದಿನ ನಾವೂ ರಾದಲ್ಲಿಯೇ ತೆಗೆದಿದ್ದರೆ ಕಟ್ಟೆ ಉಳಿಯುತ್ತಿತ್ತೆ? ಬಹುಶಃ ಇಲ್ಲ. ಜೆಪೆಗ್‌ನಲ್ಲಿ ಬಿಳಿಯಾಗಿ ಕಂಡದ್ದರಲ್ಲಿ ಸ್ವಲ್ಪ ಭಾಗ ರಾದಲ್ಲಿ ಇನ್ನೂ ಉಳಿದಿರುವುದುಂಟು. ಅದು ಒಂದು ಸ್ಟಾಪಿನ ಆಚೀಚೆ. ನಾವಾದರೋ ಬಿಸಿಲಿಗೆ ಬೇಕಾದುದಕ್ಕಿಂತ ನಾಲ್ಕು ಸ್ಟಾಪಿನಷ್ಟು ಹೆಚ್ಚು ಬೆಳಕನ್ನು ಸುರಿದಿದ್ದೆವು. ತುಳುಕಿಹೋದ ನೀರನ್ನು ಯಾವ ಕಡತವೂ ಹಿಡಿದಿಡದು. ರಾ ಕತ್ತಲೆಯನ್ನು ಕ್ಷಮಿಸುತ್ತದೆ, ಅದೂ ಮಿತಿಯಲ್ಲಿ. ಸುಟ್ಟ ಬೆಳಕನ್ನು ಕ್ಷಮಿಸುವುದಿಲ್ಲ. ಹುಡುಗ ಗೆದ್ದುದು ಕಟ್ಟೆಯ ಬಿಸಿಲಿಗೆ ತಕ್ಕಂತೆ ಷಟರನ್ನು ಹೊಂದಿಸಿ, ಮುಖದ ಕತ್ತಲೆಯನ್ನು ರಾಗೆ ಒಪ್ಪಿಸಿದ್ದರಿಂದ.

ಕಲಿಯುವ ಬಗೆ

ಹೊಸಬರು ಮೊದಲ ಒಂದೆರಡು ತಿಂಗಳು ಕ್ಯಾಮರಾವನ್ನು ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಬರೆಯುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ಕ್ಯಾಮರಾ ಮಾಡಿದ ತೀರ್ಮಾನವೂ ತಾನು ಮಾಡುವ ತೀರ್ಮಾನವೂ ಅಕ್ಕಪಕ್ಕದಲ್ಲಿರುತ್ತವೆ. ಮೊದಮೊದಲು ಕ್ಯಾಮರಾದ್ದೇ ಚೆನ್ನಾಗಿರುತ್ತದೆ, ಇದರಿಂದ ಎದೆಗುಂದಬಾರದು. ರಾ ಕಡತವನ್ನು ಮೊದಲ ಸಲ ತೆರೆದವರೆಲ್ಲರೂ ‘ಇದೇನು ಇಷ್ಟು ಸಪ್ಪೆ’ ಎಂದು ನಿರಾಶರಾಗುತ್ತಾರೆ. ಉಪ್ಪು ಖಾರ ಹಾಕದ ಅಡುಗೆ ಸಪ್ಪೆಯಾಗಿರುವುದು ಸಹಜವೇ.

ಕ್ಯಾಮರಾ ಇಲ್ಲದವರೂ ಈ ಅಭ್ಯಾಸ ಮಾಡಬಹುದು. 2014ರ ಆಂಡ್ರಾಯ್ಡ್ 5ರಿಂದ ಈಚೆಗೆ, ಆಪಲ್‌ನಲ್ಲಿ 2016ರಿಂದ ಈಚೆಗೆ, ಫೋನುಗಳಿಗೂ ರಾ ತೆಗೆಯುವ ಸೌಲಭ್ಯ ಬಂದಿದೆ; ಎಲ್ಲ ಫೋನುಗಳಲ್ಲಿ ಅಲ್ಲ, ಹಲವುಗಳಲ್ಲಿ. ಫೋನಿನ ಸಂವೇದಕ ಕಿರಿದು, ಬಟ್ಟಲುಗಳೂ ಕಿರಿದು. ನೆರಳುಗಳು ಬೇಗ ಮರಳುಮರಳಾಗುತ್ತವೆ. ಕಲಿಯಲು ಅಡ್ಡಿಯಿಲ್ಲ.

ಒಂದು ಪ್ರಯೋಗವನ್ನು ನಾವು ಎಲ್ಲರಿಗೂ ಹೇಳುತ್ತೇವೆ. ಮನೆಯೊಳಗೆ, ಹೊರಗಿನ ಬಿಸಿಲು ಕಾಣುವ ಕಿಟಕಿಯ ಬಳಿ ಯಾರನ್ನಾದರೂ ಕೂರಿಸಿ. ಕ್ಯಾಮರಾ ಅಲುಗದಂತೆ ಇಟ್ಟು, ಷಟರಿನ ಕಾಲವನ್ನು ಮಾತ್ರ ಒಂದೊಂದೇ ಸ್ಟಾಪ್ ಇಳಿಸುತ್ತ ಏಳೆಂಟು ರಾ ಚಿತ್ರಗಳನ್ನು ತೆಗೆಯಿರಿ. ಬಳಿಕ ಕಂಪ್ಯೂಟರಿನಲ್ಲಿ ಅವೆಲ್ಲವನ್ನೂ ಒಂದೇ ಬೆಳಗಿಗೆ ತಂದು ನೋಡಿ. ಯಾವ ಚಿತ್ರದಲ್ಲಿ ಕಿಟಕಿಯಾಚೆಯ ಮರ ಮೊದಲು ಮರಳಿ ಬಂದಿತು? ಯಾವುದರಲ್ಲಿ ಮುಖ ಮರಳಾಗಿ ಕೆಟ್ಟಿತು? ಇವೆರಡರ ನಡುವಣ ಅಂತರವೇ ನಿಮ್ಮ ಕ್ಯಾಮರಾದ ಶಕ್ತಿ. ಪುಸ್ತಕದಲ್ಲಿ ಓದಿದ ಅಂಕಿಗಿಂತ ಅದು ಹೆಚ್ಚು ಕಾಲ ನೆನಪಿರುತ್ತದೆ. ಇದಕ್ಕೆ ಖರ್ಚಾಗುವುದು ಒಂದು ಮಧ್ಯಾಹ್ನ, ಮತ್ತು ಕುಳಿತವರ ತಾಳ್ಮೆ.

ತೆಗೆಯುವಾಗ ಪರದೆಯ ಮೇಲಿನ ಚಿತ್ರಕ್ಕಿಂತ ಅದರ ಪಕ್ಕದ ಹಿಸ್ಟೊಗ್ರಾಂ ಎಂಬ ಗುಡ್ಡದಾಕಾರದ ನಕ್ಷೆಯನ್ನು ಹೆಚ್ಚು ನಂಬಬೇಕು. ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು. ಗುಡ್ಡವು ಬಲದ ಗೋಡೆಗೆ ಒತ್ತಿಕೊಂಡು ನಿಂತರೆ ಬಟ್ಟಲುಗಳು ತುಂಬಿವೆಯೆಂದೇ ಅರ್ಥ. ಗೋಡೆಗೆ ತಾಗದಂತೆ, ಆದರೆ ಆದಷ್ಟು ಹತ್ತಿರಕ್ಕೆ ತರುವುದು ಜಾಣತನ. ಏಕೆಂದರೆ ಹೆಚ್ಚು ಫೋಟಾನುಗಳಿದ್ದಷ್ಟೂ ನಾಯ್ಸ್ ಕಡಿಮೆ. ರಾದಲ್ಲಿ ತೆಗೆಯುವಾಗಲೂ ಕ್ಯಾಮರಾ ಈ ನಕ್ಷೆಯನ್ನು ಜೆಪೆಗ್ ಲೆಕ್ಕದಿಂದಲೇ ಬರೆಯುವುದು ವಾಡಿಕೆ. ಅದು ‘ತುಂಬಿತು’ ಎಂದಾಗ ನಿಜವಾಗಿ ಇನ್ನೂ ಸ್ವಲ್ಪ ಎಡೆಯಿರುತ್ತದೆ. ಆ ಸ್ವಲ್ಪವನ್ನು ನೆಚ್ಚಿಕೊಳ್ಳದಿರುವುದೇ ಕ್ಷೇಮ.

ಇನ್ನು ತಿದ್ದುವ ಕೆಲಸ. ಇದಕ್ಕೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಹಣ ತೆತ್ತು ಲೈಟ್‌ರೂಂ ಬಳಸುವವರೂ ಇದ್ದಾರೆ. ಮೂರೂ ಮೂಲ ಕಡತವನ್ನು ಮುಟ್ಟುವುದಿಲ್ಲ. ನಾವು ಮಾಡಿದ ಬದಲಾವಣೆಗಳನ್ನು ಸೂಚನೆಗಳಾಗಿ ಬೇರೆಯಾಗಿ ಬರೆದಿಡುತ್ತವೆ. ಆದುದರಿಂದ ಕೆಡಿಸಿಬಿಟ್ಟೇವೆಂಬ ಭಯ ಬೇಡ. ಮಣ್ಣು ಯಾವಾಗಲೂ ಹಸಿಯಾಗಿಯೇ ಇರುತ್ತದೆ.

ನಾವೂ ಹುಡುಗನೂ ಆ ಕಪ್ಪು ಚಿತ್ರವನ್ನು ಮುಂದಿಟ್ಟುಕೊಂಡು ಕುಳಿತಾಗ ಮೊದಲು ಎದುರಾದುದು ಬಣ್ಣದ ಪ್ರಶ್ನೆ. ಮಧ್ಯಾಹ್ನದ ಬಿಸಿಲಿನ ವರ್ಣತಾಪ ಸುಮಾರು 5,500 ಕೆಲ್ವಿನ್; ಆಕಾಶದ ಬೆಳಕಷ್ಟೇ ಬೀಳುವ ನೆರಳಿನದು 7,000ಕ್ಕೂ ಮೇಲೆ, ಅಂದರೆ ಹೆಚ್ಚು ನೀಲಿ; ಹಳೆಯ ತಂತಿಬಲ್ಬಿನದು 2,800ರ ಸುಮಾರು, ಹಳದಿ ಕೆಂಪು. ನಮ್ಮ ಕಣ್ಣು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಸಂವೇದಕಕ್ಕೆ ಆ ವಿವೇಕವಿಲ್ಲ. ರಾದಲ್ಲಿ ವೈಟ್ ಬ್ಯಾಲೆನ್ಸನ್ನು ಆಮೇಲೆ ನಿಶ್ಚಯಿಸಬಹುದು. ಕೆಂಪು, ನೀಲಿ ಅಳತೆಗಳನ್ನು ತಕ್ಕ ಸಂಖ್ಯೆಗಳಿಂದ ಗುಣಿಸಿದರೆ ಆಯಿತು. ಚಿತ್ರದಲ್ಲಿ ಬಣ್ಣವಿಲ್ಲದ ಒಂದು ವಸ್ತುವನ್ನು ತೋರಿಸಿಕೊಟ್ಟರೆ ತಂತ್ರಾಂಶವೇ ಲೆಕ್ಕ ಮಾಡುತ್ತದೆ. ನಾವು ತಂತಿಯ ಮೇಲೆ ಒಣಗುತ್ತಿದ್ದ ಬಿಳಿಯ ಪಂಚೆಯನ್ನು ತೋರಿಸಿದೆವು. ಮನೆಯೆಲ್ಲಾ ಕಾಮಾಲೆ ಹಿಡಿದಂತಾಯಿತು! ಒಗೆಯುವಾಗ ಪಂಚೆಗೆ ನೀಲಿ ಹಾಕುತ್ತಾರೆಂಬುದು ಆಮೇಲೆ ಹೊಳೆಯಿತು. ನೀಲಿಯನ್ನು ಬಿಳಿಯೆಂದು ತಿಳಿದ ತಂತ್ರಾಂಶ ಎಲ್ಲಕ್ಕೂ ಹಳದಿ ಬೆರೆಸಿತ್ತು. ಕೊನೆಗೆ ಕಂಬದ ಬುಡದ ಬೂದುಗಲ್ಲು ನೆರವಾಯಿತು. ಒಂದು ಬೂದುಬಣ್ಣದ ರಟ್ಟನ್ನು ಜೊತೆಗೆ ಒಯ್ಯುವ ಪದ್ಧತಿ ವೃತ್ತಿಪರರಲ್ಲಿ ಏಕಿದೆಯೆಂಬುದು ಹೀಗೆ ತಿಳಿಯಿತು.

ಅನಂತರ ಒಟ್ಟು ಬೆಳಕನ್ನು ಎರಡು ಸ್ಟಾಪ್ ಏರಿಸಿದೆವು. ನೆರಳುಗಳನ್ನು ಬೇರೆಯಾಗಿ ಇನ್ನೂ ಮೇಲೆತ್ತಿ, ಬಿಸಿಲಿನ ಭಾಗವನ್ನು ಕೆಳಗಿಳಿಸಿದೆವು. ಕಂಬದ ಮಗ್ಗುಲಲ್ಲಿ ದೊಡ್ಡಮ್ಮನ ಮುಖ ನಿಧಾನವಾಗಿ ಮೂಡಿಬಂದ ಆ ಗಳಿಗೆ, ಹಿಂದಿನ ಕಾಲದ ಕತ್ತಲೆಕೋಣೆಯಲ್ಲಿ ತಟ್ಟೆಯ ದ್ರಾವಣದೊಳಗೆ ಚಿತ್ರ ಏಳುವುದನ್ನು ಕಂಡವರಿಗೆ ಹೊಸದಲ್ಲ. ಅಂದು ಕೈಯ ನೆರಳನ್ನು ಅಡ್ಡ ಹಿಡಿದು ಕಾಗದದ ಒಂದು ಭಾಗಕ್ಕೆ ಕಡಿಮೆ ಬೆಳಕು, ಇನ್ನೊಂದಕ್ಕೆ ಹೆಚ್ಚು ಬೆಳಕು ಕೊಡುತ್ತಿದ್ದರು. ಇಂದು ಅದನ್ನೇ ಸಂಖ್ಯೆಗಳ ಮೇಲೆ ಮಾಡುತ್ತೇವೆ. ನೆರಳನ್ನು ಇನ್ನೂ ಎತ್ತುವ ಆಸೆಯಾಯಿತು. ಎತ್ತಿದೆವು. ಕಂಬದ ಸುತ್ತ ಪ್ರಭಾವಳಿಯಂತೆ ಒಂದು ಬೆಳ್ಳಿ ಗೆರೆ ಎದ್ದಿತು. ಬಾಗಿಲ ಕತ್ತಲೆಯೆಲ್ಲಾ ಹಸಿರು ಕೆಂಪು ಚುಕ್ಕೆಗಳಾಯಿತು. ಹೊಸಬರೆಲ್ಲರೂ ಈ ಹಳ್ಳಕ್ಕೆ ಒಮ್ಮೆ ಬೀಳುತ್ತಾರೆ. ಚಿತ್ರವನ್ನು ತಿದ್ದಿ ಒಂದು ರಾತ್ರಿ ಬಿಟ್ಟು, ಹಗಲಿನಲ್ಲಿ ಮತ್ತೆ ನೋಡುವುದೇ ಮದ್ದು. ರಾತ್ರಿ ಕತ್ತಲ ಕೋಣೆಯಲ್ಲಿ ಪರದೆ ಪ್ರಖರವಾಗಿ ತೋರುವುದರಿಂದ ಆಗ ತಿದ್ದಿದ ಚಿತ್ರಗಳು ಕಾಗದದ ಮೇಲೆ ಮಂಕಾಗಿ ಬರುವುದೂ ಉಂಟು.

ಇಷ್ಟೆಲ್ಲಾ ಬದಲಾಯಿಸಬಹುದಾದರೆ ಫೋಟೋದ ಮಾತನ್ನು ನಂಬುವುದು ಹೇಗೆಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. 2015ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆಯು ತನ್ನ ಹೊರಗಿನ ಛಾಯಾಗ್ರಾಹಕರಿಗೆ, ರಾದಿಂದ ತಯಾರಿಸಿದ ಚಿತ್ರಗಳನ್ನು ಕಳುಹಿಸಬೇಡಿ, ಕ್ಯಾಮರಾ ಕೊಟ್ಟ ಜೆಪೆಗ್ಗನ್ನೇ ಕಳುಹಿಸಿ ಎಂದು ತಿಳಿಸಿತು; ವೇಗವೂ ಸತ್ಯವೂ ಅದು ಕೊಟ್ಟ ಕಾರಣಗಳು. ಆದರೆ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರು, ತಾವು ಏನನ್ನೂ ಸೇರಿಸಿಲ್ಲ ಅಳಿಸಿಲ್ಲ ಎಂದು ತೋರಿಸಲು ಕ್ಯಾಮರಾದ ಮೂಲ ಕಡತಗಳನ್ನೇ ಒಪ್ಪಿಸಬೇಕಾಗುತ್ತದೆ. ಒಂದೇ ವಸ್ತು ಒಂದು ಕಡೆ ಶಂಕೆಗೂ ಇನ್ನೊಂದು ಕಡೆ ಸಾಕ್ಷಿಗೂ ಕಾರಣವಾಯಿತು. ನಮಗನಿಸುವಂತೆ ಎರಡನೆಯವರ ದಾರಿಯೇ ಮೇಲು. ಜೆಪೆಗ್ಗೂ ತಿದ್ದಿದ್ದೇ, ತಿದ್ದಿದವರು ಅಲ್ಲಿರಲಿಲ್ಲವೆಂಬುದಷ್ಟೆ ಭೇದ.

ನಮ್ಮ ಪಾಲಿನ ಪರೀಕ್ಷಕರಾದರೋ ಮನೆಯಲ್ಲಿಯೇ ಇದ್ದರು. ಹೊಸ ಮುದ್ರಿಕೆಯನ್ನು ಒಯ್ದು ಕೊಟ್ಟೆವು. ದೊಡ್ಡಮ್ಮ ಮೊದಲು ಕಟ್ಟೆಯ ಮೇಲೆ ಬೆರಳಿಟ್ಟು ಸುಮ್ಮನೆ ನೋಡಿದರು. ಆಮೇಲೆ ಬೆರಳು ಪಡಸಾಲೆಯ ಕಡೆಗೆ ಸರಿಯಿತು. “ನಮ್ಮ ಪಡಸಾಲೆ ಇಷ್ಟು ಬೆಳಕಾಗಿ ಎಲ್ಲಿತ್ತೋ? ಹಗಲೂ ದೀಪ ಹಿಡಿದುಕೊಂಡು ಅಕ್ಕಿ ಆರಿಸುತ್ತಿದ್ದೆವಲ್ಲ” ಎಂದರು. ನಾವು ಹಿಂತಿರುಗಿ ಬಂದು ಕಂಬದ ಹಿಂದಿನ ನೆರಳನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿದೆವು. ಬಾಗಿಲನ್ನು ಕತ್ತಲೆಗೇ ಬಿಟ್ಟೆವು. ಹುಡುಗ ಹೆದರಿದ್ದ ಚುಕ್ಕೆಗಳೂ ಅದರೊಡನೆ ಅಡಗಿದವು. ಆ ಮೂರನೆಯ ಮುದ್ರಿಕೆ ಈಗ ಹೊಸ ಮನೆಯ ನಡುಮನೆಯಲ್ಲಿದೆ. ಕಟ್ಟೆಯ ಮೇಲೆ, ತುಳಸಿಯ ಬುಡದಲ್ಲಿ, ಬೋರಲು ಹಾಕಿದ ಒಂದು ತಾಮ್ರದ ತಂಬಿಗೆ ಕಾಣುತ್ತದೆ. ಅಂದು ಬೆಳಿಗ್ಗೆ ಅದನ್ನು ಅಲ್ಲಿಟ್ಟು ಬಂದದ್ದು ದೊಡ್ಡಮ್ಮನಿಗೆ ನೆನಪಿತ್ತು; ಚಿತ್ರ ತೆಗೆದ ನಮ್ಮಿಬ್ಬರಲ್ಲಿ ಯಾರೂ ಅದನ್ನು ನೋಡಿರಲಿಲ್ಲ.